ಬುತ್ತಿ ಇರಲಿ, ಬಟ್ಟೆ ಬಿಡಿ

ಚಿಕ್ಕೋಡಿ, ರಾಯಬಾಗ ಕಡೆಯ ಮನೆಗಳಲ್ಲಿ ಪರದೇಶಕ್ಕೆ ಹೊರಟವರ ಬ್ಯಾಗನ್ನು ಹೊರಟವರು ತುಂಬುವುದಿಲ್ಲ, ಓಣಿ ತುಂಬುತ್ತದೆ. ಮಗಳ ಬಾಣಂತನಕ್ಕೆಂದು ಅವ್ವ ಅಮೆರಿಕಕ್ಕೆ ಹೊರಟಳೆಂದರೆ ಎಂಟು ದಿನ ಮೊದಲೇ ಪಡಸಾಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಕೂರುತ್ತದೆ. ಹಿಂದಿನ ಮನೆಯ ಕಾಕು ಶೇಂಗಾ ಹಿಂಡಿ ಕುಟ್ಟಿಕೊಂಡು ಬರುತ್ತಾಳೆ. ಅಥಣಿಯ ಅತ್ತಿ ಅಂಟಿನ ಉಂಡಿಯ ಡಬ್ಬಿ ಕಳಿಸುತ್ತಾಳೆ. ಕಾಗವಾಡದಿಂದ ಬಂದ ಮಾವಶಿ ಬೆಲ್ಲದ ಪೆಂಟಿಯನ್ನು ತಾನೇ ಸೀರೆಗಳ ನಡುವೆ ತುರುಕಿ, ‘ವೈನಿ, ಅಲ್ಲೇನ ಸಿಗತೈತ್ರಿ, ಒಯ್ರಿ, ಇರ್ಲಿ’ ಎಂದು ಮುಚ್ಚಳ ಒತ್ತುತ್ತಾಳೆ. ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ. ಎಲ್ಲರ ಪ್ರೀತಿಯ ತೂಕ ಎಷ್ಟಾಯಿತೆಂದು ತಿಳಿಯುವುದು ಮುಂಬೈ ವಿಮಾನ ನಿಲ್ದಾಣದ ಕೌಂಟರಿನಲ್ಲಿ. ಆಮೇಲೆ ಅಲ್ಲೇ ನೆಲದ ಮೇಲೆ ಕುಂತು, ಹಿಂದಿನ ಸಾಲಿನವರ ಕಣ್ಣೆದುರಿಗೆ ಗಂಟು ಬಿಚ್ಚಬೇಕು. ಗಾಬರಿಯಲ್ಲಿ ಕೈಗೆ ಮೊದಲು ಸಿಕ್ಕಿದ್ದು ಹೊರಗೆ ಬೀಳುತ್ತದೆ. ಹೆಚ್ಚಿನ ಸಲ ಅದು ರೊಟ್ಟಿಯ ಪೊಟ್ಟಣ.

ನನ್ನ ತಕರಾರು ಇರುವುದು ಇಲ್ಲೇ. ತೆಗೆಯಬೇಕಾದದ್ದು ರೊಟ್ಟಿಯಲ್ಲ.

ಹಗುರಾಗಿ ಪ್ರವಾಸ ಮಾಡುವುದು ಹೇಗೆಂದು ಹೇಳುವ ಪುಸ್ತಕ, ವಿಡಿಯೊಗಳಿಗೆ ಬರವಿಲ್ಲ. ಏಳು ಕಿಲೋದ ಒಂದೇ ಚೀಲ, ಮೂರು ಅಂಗಿ, ಒಂದು ಜೋಡಿ ಬೂಟು, ಇಷ್ಟರಲ್ಲೇ ಜಗತ್ತು ಸುತ್ತಿ ಬನ್ನಿ ಎನ್ನುತ್ತವೆ. ಹದಿನೈದು ದಿನ ತಿರುಗಾಡಿ, ಸಿಕ್ಕಿದ್ದು ತಿಂದು, ಸಿಕ್ಕಲ್ಲಿ ಮಲಗುವ ಹುಡುಗರಿಗೆ ಅದು ಸರಿ. ನಮ್ಮ ಭಾಗದಿಂದ ಹೋಗುವವರಲ್ಲಿ ಅಂಥವರು ಕಡಿಮೆ. ಆರು ತಿಂಗಳ ವಾಸದ ಅವಧಿಯಲ್ಲಿ ಮೊಮ್ಮಗುವಿಗೆ ನೀರೆರೆಯಲು ಹೋಗುವ ಅಜ್ಜಿ, ಜರ್ಮನಿಯಲ್ಲಿ ಎಂಎಸ್ ಓದಲು ಹೋಗುವ ಸಕ್ಕರೆ ಕಾರ್ಖಾನೆ ನೌಕರನ ಮಗ, ದುಬೈಗೆ ದುಡಿಯಲು ಹೋಗುವ ಎಲೆಕ್ಟ್ರಿಶಿಯನ್, ಇವರೇ ಹೆಚ್ಚು. ಇವರು ಪ್ರವಾಸಿಗರಲ್ಲ, ಅಲ್ಲಿ ಸಂಸಾರ ಹೂಡುವವರು. ಮನೆಯ ರುಚಿ ಇವರಿಗೆ ಚೈನಿಯಲ್ಲ. ಹಾಗಾಗಿ ಬುತ್ತಿಯನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಬಟ್ಟೆ ಕಡಿಮೆ ಮಾಡಿ, ಪಾತ್ರೆ ಬಿಡಿ, ಬುತ್ತಿಯನ್ನು ತಿಳಿದು ಆರಿಸಿ ಎನ್ನುತ್ತೇನೆ.

ಲೆಕ್ಕ ಹಾಕಿ ನೋಡಿ. ಅಮೆರಿಕದ ದಾರಿಯಲ್ಲಿ ಬಹುತೇಕ ವಿಮಾನಗಳು ಒಂದು ಬ್ಯಾಗಿಗೆ ಕೊಡುವ ಮಿತಿ 23 ಕಿಲೋ. ಎಷ್ಟೇ ಹಣ ಕಟ್ಟಿದರೂ ಒಂದೇ ಬ್ಯಾಗು 32 ಕಿಲೋ ದಾಟಬಾರದು, ಏಕೆಂದರೆ ಅದನ್ನು ಎತ್ತಿ ಹಾಕುವ ಕಾರ್ಮಿಕನಿಗೂ ಒಂದು ಬೆನ್ನಿದೆ. ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಸೂಟ್‌ಕೇಸು ಖಾಲಿ ಇದ್ದಾಗಲೇ ನಾಲ್ಕೈದು ಕಿಲೋ ತೂಗುತ್ತದೆ. ಉಳಿದದ್ದು ಹದಿನೆಂಟು. ಸೀರೆ, ಲಂಗ, ಕುಪ್ಪಸ ಸೇರಿದರೆ ಒಂದು ಜೊತೆ ಮುಕ್ಕಾಲು ಕಿಲೋಕ್ಕೆ ಕಡಿಮೆ ಇರುವುದಿಲ್ಲ. ಇಂಥ ಹನ್ನೆರಡು ಜೊತೆ ಇಟ್ಟರೆ ಅರ್ಧ ಬ್ಯಾಗು ಮುಗಿಯಿತು. ಅದೇ ಒಂಬತ್ತು ಕಿಲೋದಲ್ಲಿ ರೊಟ್ಟಿ, ಮೂರು ಥರದ ಹಿಂಡಿ, ಮಸಾಲಿ ಖಾರ, ಬಾಣಂತಿಯ ಉಂಡಿ ಎಲ್ಲ ಕೂರುತ್ತವೆ. ಸೀರೆ ಅಲ್ಲಿ ದಿನಾ ತೊಳೆದು ಒಣಗುತ್ತದೆ, ಮನೆಮನೆಯಲ್ಲೂ ಯಂತ್ರವಿದೆ. ಅಲ್ಲಿಯ ಯಂತ್ರಕ್ಕೆ ಗುರೆಳ್ಳು ಹಿಂಡಿ ಕುಟ್ಟಲು ಬರುವುದಿಲ್ಲ.

ಕಬ್ಬಿನ ಗಾಡಿ ಕಾರ್ಖಾನೆಯ ಕಾಟಾ ಹತ್ತಿದಾಗ ತೂಕದಲ್ಲಿ ಹೆಚ್ಚುಕಡಿಮೆಯಾದರೆ ಜಗಳಕ್ಕೆ ನಿಲ್ಲುವ ಜನ ನಾವು. ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ, ಅಂದಿನಿಂದ ಕಾಟಾದ ಮಾತು ನಮಗೆ ಹೊಸದಲ್ಲ. ಅಂಥವರು ಸ್ವಂತ ಬ್ಯಾಗನ್ನು ಮಾತ್ರ ಕೈಯಲ್ಲಿ ಎತ್ತಿ ‘ಇಪ್ಪತ್ತ ಆಗಿರಬೇಕ’ ಎಂದು ಅಂದಾಜು ಮಾಡುವುದು ನೋಡಿದರೆ ನಗು ಬರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿ ಪಕ್ಕದಲ್ಲೇ ಇದೆ, ಹಿಡಿಕೆಗೆ ಸಿಕ್ಕಿಸಿ ಎತ್ತುವ ಸಣ್ಣ ತೂಕದ ಯಂತ್ರವೂ ಅಗ್ಗವಾಗಿ ಸಿಗುತ್ತದೆ.

ಬುತ್ತಿಯ ಪರವಾಗಿ ಇನ್ನೊಂದು ಮಾತು. ನಮ್ಮ ಹಿರಿಯರು ಬುತ್ತಿ ಕಟ್ಟುವುದನ್ನು ಕಲಿತದ್ದು ದೂರದ ದಾರಿಗೇ. ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವಾಗ ದಿನಗಟ್ಟಲೆ ಕೆಡದೆ ಉಳಿಯುವ ಅಡುಗೆ ಬೇಕಿತ್ತು. ಅವರು ಮಾಡಿದ ಉಪಾಯ ಒಂದೇ, ನೀರನ್ನು ತೆಗೆದುಬಿಟ್ಟರು. ಜೋಳದ ರೊಟ್ಟಿಯನ್ನು ಹೆಂಚಿನ ಮೇಲೆ ಬೇಯಿಸಿದ ಮೇಲೂ ಕಾವಿಗೆ ಇಟ್ಟು ಖಡಕ್ ಮಾಡಿದರೆ ತೇವ ಹೋಗುತ್ತದೆ, ತೇವ ಹೋದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳನ್ನು ಹುರಿದು ಕುಟ್ಟಿದ ಹಿಂಡಿಯದೂ ಅದೇ ಗುಟ್ಟು. ನೀರು ಹೋದರೆ ತೂಕವೂ ಹೋಯಿತು. ನೀರಿಲ್ಲದ ಬುತ್ತಿಗೆ ವಿಮಾನದಲ್ಲಿ ಇನ್ನೊಂದು ಅನುಕೂಲವೂ ಇದೆ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾಯಿತು. ಆಮೇಲೆ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವ ಒಯ್ಯಬಾರದೆಂಬ ನಿಯಮ ಜಗತ್ತಿನಾದ್ಯಂತ ಬಂತು. ಉಪ್ಪಿನಕಾಯಿ, ತುಪ್ಪ, ಮೊಸರು ಎಲ್ಲವೂ ಆ ಲೆಕ್ಕದಲ್ಲಿ ದ್ರವವೇ. ರೊಟ್ಟಿ–ಹಿಂಡಿಗೆ ಆ ತೊಂದರೆ ಇಲ್ಲ. ಒಂದು ಎಚ್ಚರ ಸಾಕು: 2018ರ ಜೂನ್ ಕೊನೆಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದೊಳಗಿನ ಪುಡಿಗೂ ಸುಮಾರು 350 ಮಿಲಿಲೀಟರಿನ ಮಿತಿ ಇದೆ. ವಿಭೂತಿಯ ಗಟ್ಟಿಯಾದರೆ ಚಿಂತೆಯಿಲ್ಲ. ಹಿಂಡಿ, ಖಾರಪುಡಿ, ಚೂರ್ಣಗಳನ್ನು ಮಾತ್ರ ದೊಡ್ಡ ಬ್ಯಾಗಿಗೇ ಹಾಕಿ.

ಹಗುರವಾಗಿ ತಿರುಗುವುದನ್ನು ನಮ್ಮ ಸೀಮೆಗೆ ಹೊರಗಿನವರು ಕಲಿಸಬೇಕಾಗಿಯೂ ಇಲ್ಲ. ದಿಗಂಬರ ಮುನಿ ಪರಂಪರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಚಿಗುರಿಸಿದ ಆಚಾರ್ಯ ಶಾಂತಿಸಾಗರರು ಭೋಜ ಗ್ರಾಮದವರು. ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಹುಟ್ಟಿದರು. ಇವರೆಲ್ಲ ದೇಶದ ಉದ್ದಗಲ ಕಾಲ್ನಡಿಗೆಯಲ್ಲೇ ಸುತ್ತಿದವರು. ಸಾಮಾನು ಎಂದರೆ ನವಿಲುಗರಿಯ ಪಿಂಛಿ, ಕಮಂಡಲು, ಶಾಸ್ತ್ರಗ್ರಂಥ, ಇಷ್ಟೇ. ವಾಹನ ಹತ್ತದ ವ್ರತಿಗಳಾದ್ದರಿಂದ ವಿಮಾನದ ಪ್ರಶ್ನೆಯೇ ಇವರಿಗೆ ಬರಲಿಲ್ಲ. ಹಾಗೆ ನೋಡಿದರೆ ನವಿಲುಗರಿಯನ್ನು ಭಾರತದಿಂದ ಹೊರಗೆ ಸಾಗಿಸಲು ಕಾನೂನಿನ ಒಪ್ಪಿಗೆಯೂ ಇಲ್ಲ. ಮಕ್ಕಳ ಆಟಕ್ಕೆಂದು ಬೀಸಣಿಗೆ ಕಟ್ಟಿಕೊಂಡು ಹೋಗುವವರು ಇದನ್ನು ನೆನಪಿಡಬೇಕು. ಸಂಸಾರಿಗಳಿಗೆ ಮುನಿಗಳ ಲೆಕ್ಕ ಆಗಿಬರುವುದಿಲ್ಲ, ಬಿಡಿ.

ಇನ್ನು ಉಡಿಯ ವಿಷಯ. ನಮ್ಮಲ್ಲಿ ಹೆಣ್ಣುಮಗಳನ್ನು ದೂರ ಕಳಿಸುವಾಗ ಬರಿಗೈಯಲ್ಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ಉಡಿಯನ್ನು ಎಲ್ಲೋ ಬಿಟ್ಟು ಹೋಗಬಾರದೆಂಬ ನಂಬಿಕೆಯಿಂದ ಅದೂ ಸೂಟ್‌ಕೇಸು ಸೇರುತ್ತದೆ. ವಿಮಾನದ ನಿಯಮ ಮತ್ತು ಅಮೆರಿಕದ ಕೃಷಿ ಕಾನೂನು ಎರಡಕ್ಕೂ ಒಟ್ಟಿಗೆ ಎಡವುವುದು ಈ ಉಡಿಯಲ್ಲೇ.

ಮೊದಲು ಕೊಬ್ಬರಿ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ಬಿಸಿಯಲ್ಲಿ, ಒತ್ತಾಗಿ ತುಂಬಿಟ್ಟ ಜಾಗದಲ್ಲಿ ಆ ಎಣ್ಣೆ ಗಾಳಿಯೊಂದಿಗೆ ಬೆರೆತು ತನ್ನಿಂದ ತಾನೇ ಕಾಯುತ್ತ ಹೋಗಬಲ್ಲದು, ಬೆಂಕಿ ಹತ್ತಬಲ್ಲದು. ಅದಕ್ಕೆ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ, ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಗುಂಪಿನಲ್ಲಿ. ಭಾರತದ ವಿಮಾನ ನಿಲ್ದಾಣಗಳಲ್ಲಿ ಇಡೀ ಕೊಬ್ಬರಿ ಬಟ್ಟಲನ್ನು ಸ್ಕ್ಯಾನರಿನಲ್ಲಿ ಕಂಡರೆ ಬ್ಯಾಗು ಬಿಚ್ಚಿಸಿ ತೆಗೆಸುತ್ತಾರೆ. ಅಧಿಕಾರಿ ಶಾಸ್ತ್ರ ಗೊತ್ತಿಲ್ಲದವನೇನಲ್ಲ, ಅವನ ಮನೆಯಲ್ಲೂ ಯಾರೋ ಉಡಿ ತುಂಬಿರುತ್ತಾರೆ. ಆದರೆ ಪಟ್ಟಿ ಪಟ್ಟಿಯೇ.

ಆಮೇಲೆ ಅಕ್ಕಿ. ಇಲ್ಲಿ ಅಪರಾಧಿ ಒಂದು ಸಣ್ಣ ಕಂದು ಹುಳ, ಖಾಪ್ರಾ. ಭಾರತ ಉಪಖಂಡವೇ ಇದರ ತವರು ಎನ್ನುತ್ತಾರೆ. ಇದರ ಮರಿ ಆಹಾರವಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ, ಗೋಡೆಯ ಬಿರುಕು, ಗೋಣಿಚೀಲದ ಹೊಲಿಗೆಯಲ್ಲಿ ಅಡಗುತ್ತದೆ, ಔಷಧಿಗೂ ಬೇಗ ಬಗ್ಗುವುದಿಲ್ಲ. 1953ರಲ್ಲಿ ಕ್ಯಾಲಿಫೋರ್ನಿಯದ ಉಗ್ರಾಣಗಳಲ್ಲಿ ಇದು ಕಾಣಿಸಿಕೊಂಡಾಗ ನಿರ್ಮೂಲನೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಪೆಟ್ಟನ್ನು ಅಮೆರಿಕದವರು ಮರೆತಿಲ್ಲ. 2011ರ ಜುಲೈ ಕೊನೆಯಿಂದ, ಈ ಹುಳ ಇರುವ ದೇಶಗಳಿಂದ ಪ್ರಯಾಣಿಕರು ಸಾಮಾನಿನಲ್ಲಿ ಅಕ್ಕಿ ಒಯ್ಯುವುದನ್ನು ಅಮೆರಿಕ ನಿಷೇಧಿಸಿದೆ. ಕಡಲೆಗೂ ಇದೇ ತಡೆ. ಒಂದು ಮುಷ್ಟಿಯಾದರೂ ಅಷ್ಟೇ, ದೇವರದಾದರೂ ಅಷ್ಟೇ. ಹಾಗಾದರೆ ಉಡಿಯನ್ನು ಏನು ಮಾಡುವುದು? ಮನೆಯಲ್ಲೇ ತುಂಬಿಸಿಕೊಂಡು, ಅಕ್ಕಿ–ಕೊಬ್ಬರಿಯನ್ನು ದೇವರ ಮನೆಯಲ್ಲಿ ಇಳಿಸಿ, ಅರಿಶಿನ ಕೊಂಬು ಮತ್ತು ಖಣವನ್ನಷ್ಟೇ ಒಯ್ಯುವುದು ಒಳ್ಳೆಯದು. ಹಿರಿಯರಿಗೆ ಕಾರಣ ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ಕಣಜದಲ್ಲಿ ಜೋಳ ಕೂಡಿಟ್ಟವರಿಗೆ ಹುಳದ ಕಾಟ ಬೇರೆಯವರು ತಿಳಿಸಿಕೊಡಬೇಕಾಗಿಲ್ಲ.

ದೇಶ ಬದಲಾದರೆ ಪಟ್ಟಿಯೂ ಬದಲು. ದುಬೈ, ಅಬುಧಾಬಿಗೆ ಹೋಗುವವರು ಗಸಗಸೆಯನ್ನು ಮುಟ್ಟಲೇಬಾರದು. ಯುಎಇ, ಸೌದಿ ಅರೇಬಿಯಗಳಲ್ಲಿ ಅದು ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ ಮಾದಕ ವಸ್ತುವಿನ ಸಾಲಿಗೆ ಸೇರಿದೆ, ಸಿಂಗಪುರದಲ್ಲೂ ನಿರ್ಬಂಧವಿದೆ. ನಮ್ಮ ಅಂಟಿನ ಉಂಡಿಯಲ್ಲಿ, ಮಸಾಲಿ ಖಾರದಲ್ಲಿ ಗಸಗಸೆ ಇರುವುದು ಕುಟ್ಟಿದವರಿಗೇ ಮರೆತಿರುತ್ತದೆ, ಆದ್ದರಿಂದ ಕೊಲ್ಲಿಗೆ ಹೊರಟವರು ಮಾಡಿದವರನ್ನು ಕೇಳಿಯೇ ಡಬ್ಬಿ ತುಂಬಿಕೊಳ್ಳಬೇಕು. ನಿಪ್ಪಾಣಿಯವರಿಗೆ ಬೇರೊಂದು ಮಾತು: ಜರ್ದಾ, ತಂಬಾಕಿನ ಊರಿನಿಂದ ಬಂದೆವೆಂಬ ಅಭಿಮಾನ ಸಿಂಗಪುರದಲ್ಲಿ ನಡೆಯುವುದಿಲ್ಲ. ಅಗಿಯುವ ತಂಬಾಕು ಅಲ್ಲಿ ಪೂರ್ತಿ ನಿಷಿದ್ಧ, ಸ್ವಂತಕ್ಕೆ ಎಂದರೂ ಬಿಡುವುದಿಲ್ಲ. ಯುರೋಪ್ ಒಕ್ಕೂಟದ ದೇಶಗಳಿಗೆ ಮಾಂಸ ಮತ್ತು ಹಾಲಿನ ಪದಾರ್ಥ ಪ್ರಯಾಣಿಕರ ಸಾಮಾನಿನಲ್ಲಿ ಬರುವಂತಿಲ್ಲ, ಹಾಗಾಗಿ ಮನೆಯ ಎಮ್ಮೆಯ ತುಪ್ಪ ಜರ್ಮನಿ ತಲುಪುವುದಿಲ್ಲ. ಹಸಿ ಕರಿಬೇವನ್ನು ಅಮೆರಿಕ ಬಿಡುವುದಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಆ ಎಲೆಯಲ್ಲಿ ಕೂತು ಬರಬಹುದೆಂಬ ಭಯ ಅವರಿಗೆ.

ಇಷ್ಟೆಲ್ಲ ನೆನಪಿಡುವುದು ಕಷ್ಟ. ಆದರೆ ಒಂದು ಮಾತು ಎಲ್ಲ ಕಡೆಗೂ ಸಲ್ಲುತ್ತದೆ. ತಿನ್ನುವ ಸಾಮಾನು ಇದೆಯೇ ಎಂದು ಕೇಳಿದಾಗ ಇದೆ ಎನ್ನಿ. ನಿಜ ಹೇಳಿದರೆ ಬಹಳವಾದರೆ ಆ ಪೊಟ್ಟಣ ಕಸದ ಬುಟ್ಟಿಗೆ ಹೋದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ನ್ಯೂಜಿಲೆಂಡ್‌ನಲ್ಲಿ ನಿಂತಲ್ಲೇ 400 ಡಾಲರ್ ದಂಡ, ಆಸ್ಟ್ರೇಲಿಯದಲ್ಲಿ ಅದಕ್ಕೂ ಹೆಚ್ಚು. ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆದಿಟ್ಟರೆ ಅರ್ಧ ಮಾತು ಉಳಿಯುತ್ತದೆ. ಗುರೆಳ್ಳು ಹಿಂಡಿಯ ಕಪ್ಪು ಪುಡಿಯನ್ನು ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ನೋಡಿದ ಅಧಿಕಾರಿಗೆ ಸಂಶಯ ಬಂದರೆ ಅವನದೇನೂ ತಪ್ಪಿಲ್ಲ.

ಅಲ್ಲೇ ಸಿಗುವುದನ್ನು ಇಲ್ಲಿಂದ ಹೊರುವುದಂತೂ ಶುದ್ಧ ಹಟ. ಭಾರತೀಯ ದಿನಸಿ ಮಾರುವ ಪಟೇಲ್ ಬ್ರದರ್ಸ್‌ನವರು ಶಿಕಾಗೋದಲ್ಲಿ ಮೊದಲ ಅಂಗಡಿ ತೆರೆದದ್ದು 1974ರಲ್ಲಿ. ಇವತ್ತು ಅಮೆರಿಕದ ದೊಡ್ಡ ಊರುಗಳಲ್ಲಿ ತೊಗರಿಬೇಳೆ, ರವೆ, ಬೆಲ್ಲ, ಜೋಳದ ಹಿಟ್ಟು ಸಹ ಸಿಗುತ್ತವೆ. ಮಾವಶಿಯ ಬೆಲ್ಲದ ಪೆಂಟಿ ಪಡಸಾಲೆಯಲ್ಲೇ ಉಳಿದರೆ ನಷ್ಟವಿಲ್ಲ. ಕುಕ್ಕರ್, ಮಿಕ್ಸರ್ ಕೂಡ ಬೇಡ. ಅಮೆರಿಕದ ವಿದ್ಯುತ್ತು 120 ವೋಲ್ಟಿನದು, 230 ವೋಲ್ಟಿಗೆಂದು ಮಾಡಿದ ನಮ್ಮ ಮಿಕ್ಸರಿನ ಮೋಟಾರು ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಬ್ರಿಟನ್, ದುಬೈಗಳಲ್ಲಿ ವೋಲ್ಟೇಜು ಒಂದೇ, ಆದರೆ ಪ್ಲಗ್ಗಿನ ಮೂರು ಕಾಲು ಚಪ್ಪಟೆ. ಒಂದು ಅಡಾಪ್ಟರ್ ಸಾಕು. ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಬ್ಯಾಟರಿಗೆ ಬೆಂಕಿ ಹತ್ತಿದರೆ ಮನುಷ್ಯರ ಕಣ್ಣೆದುರು ಹತ್ತಲಿ ಎಂಬುದು ಆ ನಿಯಮದ ಅರ್ಥ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ಜೊತೆ, ಎಲ್ಲವೂ ಬೇಗ ಒಣಗುವಂಥವು. ಒಂದೇ ಒಂದು ಇಳಕಲ್ ಸೀರೆ, ಅಲ್ಲಿಯ ಬಸವ ಜಯಂತಿಗೋ ಸೀಮಂತಕ್ಕೋ ಬೇಕಾಗುತ್ತದೆ. ಚಳಿಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಅಂಗಿ ಒಂದರ ಮೇಲೊಂದು ಹಾಕುವುದು ಬೆಚ್ಚಗೆ, ಪದರಗಳ ನಡುವೆ ಸಿಕ್ಕಿದ ಗಾಳಿಯೇ ಕಾವು ಹಿಡಿದಿಡುತ್ತದೆ. ಕುರುಬರ ಕಂಬಳಿಯ ಮೇಲೆ ನನಗೆ ಗೌರವವಿದೆ, ಆದರೆ ಅದರ ತೂಕ ಮಿತಿಯಲ್ಲಿ ದೊಡ್ಡ ಪಾಲನ್ನೇ ತಿಂದುಬಿಡುತ್ತದೆ.

ಅಥಣಿ, ಮದಭಾವಿ, ನಿಪ್ಪಾಣಿಯ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯನ್ನು ಕಾಣಿಕೆಯಾಗಿ ಒಯ್ಯುವವರು ಈಚೆಗೆ ಹೆಚ್ಚಿದ್ದಾರೆ, ಅದು ಸಂತೋಷ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಪಾಲು ಪಡೆದವು. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅದೇ ರೂಪದ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ಎದ್ದ ಗಲಾಟೆ ಎಲ್ಲರಿಗೂ ನೆನಪಿದೆ. ಕಾಣಿಕೆಗೆ ಹೊಸ ಜೋಡಿ ಒಯ್ಯಿರಿ. ನೀವು ಹೊಲದಲ್ಲಿ ಮೆಟ್ಟಿದ ಹಳೆಯ ಜೋಡಿ ಮಾತ್ರ ಮನೆಯಲ್ಲೇ ಇರಲಿ. ಅಮೆರಿಕದ ಸುಂಕದ ಅರ್ಜಿಯಲ್ಲಿ ಹೊಲ, ಹುಲ್ಲುಗಾವಲಿಗೆ ಹೋಗಿದ್ದಿರೇ ಎಂಬ ಪ್ರಶ್ನೆಯೇ ಇದೆ. ಕಾಲುಬಾಯಿ ಬೇನೆಯ ರೋಗಾಣು ಕೊಟ್ಟಿಗೆಯ ಮಣ್ಣಿನಲ್ಲಿ ಬರುತ್ತದೆಂಬ ಕಾರಣಕ್ಕೆ. ಎಮ್ಮೆ ಕಟ್ಟಿದವರೆಲ್ಲ ಹೌದು ಎಂದೇ ಬರೆಯಬೇಕಾದ ಪ್ರಶ್ನೆ ಅದು. ತಳ ತೊಳೆದ ಚಪ್ಪಲಿಯಾದರೆ ಹೆದರಿಕೆ ಇಲ್ಲ.

ಔಷಧಿಯಲ್ಲಿ ಜಿಪುಣತನ ಬೇಡ. ನಮ್ಮವರ ಬಿಪಿ, ಸಕ್ಕರೆ ಕಾಯಿಲೆಗೆಲ್ಲ ಡಾಕ್ಟರು ಮಿರಜ್‌ನಲ್ಲೇ. ಹೊರಡುವ ಮುಂಚೆ ಅಲ್ಲಿಗೆ ಒಮ್ಮೆ ಹೋಗಿ, ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆದ ಇಂಗ್ಲಿಷ್ ಚೀಟಿ ಕೇಳಿ ಪಡೆಯಬೇಕು. ಗುಳಿಗೆಗಳು ಪಟ್ಟಿಯ ಸಮೇತ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಇನ್ಸುಲಿನ್ ಕೈಚೀಲದಲ್ಲಿ, ಏಕೆಂದರೆ ಸರಕಿನ ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಎಂಬ ನೋವಿನ ಗುಳಿಗೆ ಯುಎಇಯಲ್ಲಿ ಮುಂಚಿತ ಅನುಮತಿ ಇಲ್ಲದೆ ನಡೆಯುವುದಿಲ್ಲ.

ಎಲ್ಲಕ್ಕಿಂತ ಭಾರವಾದದ್ದು ಬೇರೆಯವರ ಗಂಟು. ‘ನಮ್ಮ ಹುಡುಗ ಅಲ್ಲೇ ಅದಾನ್ರಿ, ಇಷ್ಟ ಮುಟ್ಟಿಸಿಬಿಡ್ರಿ’ ಎಂದು ತಂದುಕೊಡುವ, ಹೊಲಿದು ಮುಚ್ಚಿದ ಪೊಟ್ಟಣವನ್ನು ನಿರಾಕರಿಸುವುದು ನಮ್ಮಲ್ಲಿ ಅಪಮಾನ ಎನಿಸುತ್ತದೆ. 2019ರಲ್ಲಿ ಮುಂಬೈಯ ಗಂಡ–ಹೆಂಡತಿ ದೋಹಾ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾದರು. ಹತ್ತಿರದ ಸಂಬಂಧಿಯೇ ಕೊಟ್ಟ ಪೊಟ್ಟಣದಲ್ಲಿ ಚರಸ್ ಇತ್ತು. ಹೆಂಡತಿ ಆಗ ಗರ್ಭಿಣಿ, ಮಗು ಹುಟ್ಟಿದ್ದು ಜೈಲಿನಲ್ಲಿ. ನಿರಪರಾಧಿಗಳೆಂದು ಬಿಡುಗಡೆಯಾಗಿ ಊರಿಗೆ ಬರುವಷ್ಟರಲ್ಲಿ 2021 ಬಂದಿತ್ತು. ಬಿಚ್ಚಿ ನೋಡಿ, ನಿಮ್ಮ ಕೈಯಾರೆ ಮತ್ತೆ ಕಟ್ಟಿಕೊಳ್ಳಿ. ಕೊಟ್ಟವರು ಬೇಸರಪಟ್ಟರೆ ಪೊಟ್ಟಣವನ್ನು ಮರಳಿಸಿ.

ವಿಮಾನದಲ್ಲಿ ಬ್ಯಾಗು ತಾನೇ ಹಾರುತ್ತದೆ, ನಿಜವಾದ ಹೊರೆ ಅದಕ್ಕೂ ಮುಂಚಿನ ದಾರಿಯದು. ನಿಪ್ಪಾಣಿಯವರಿಗೆ ಪುಣೆ–ಬೆಂಗಳೂರು ಹೆದ್ದಾರಿ ಮನೆ ಮುಂದೆಯೇ ಇದೆ, ಕಾರು ಮಾಡಿ ಹೋದಾರು. ರಾಯಬಾಗ, ಕುಡಚಿ, ಶೇಡಬಾಳದಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಮಿರಜ್ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಸೇತುವೆಯ ಮೆಟ್ಟಿಲು ಹತ್ತಿಳಿದು, ಮುಂಬೈಯಲ್ಲಿ ಟ್ಯಾಕ್ಸಿ ಹಿಡಿಯುವ ತನಕ ಎರಡು ದೊಡ್ಡ ಬ್ಯಾಗು, ಒಂದು ಕೈಚೀಲ, ಜೊತೆಗೆ ವಯಸ್ಸಾದ ಮಂಡಿ. ಹೊರಡುವ ಮುನ್ನಾದಿನ ತುಂಬಿದ ಬ್ಯಾಗನ್ನು ಹಿಡಿದು ಮಾಳಿಗೆಯ ಮೆಟ್ಟಿಲನ್ನು ಒಮ್ಮೆ ನೀವೇ ಹತ್ತಿ ನೋಡಿ. ಆಗದಿದ್ದರೆ ಇನ್ನೆರಡು ಸೀರೆ ತೆಗೆಯಿರಿ.

ಈಚೆಗೆ ಹಲವು ಕುಟುಂಬಗಳಲ್ಲಿ ಒಂದು ಜಾಣ ರೂಢಿ ಬೆಳೆಯುತ್ತಿದೆ. ಮೊದಲ ಆರು ತಿಂಗಳು ಹೆಣ್ಣಿನ ತಾಯಿ, ಮುಂದಿನ ಆರು ತಿಂಗಳು ಗಂಡಿನ ತಾಯಿ ಹೋಗುವುದು ಹೇಗೂ ಇದ್ದದ್ದೇ. ಮೊದಲು ಹೋದವರು ಸ್ವೆಟರು, ಕೋಟು, ಬೂಟು, ಛತ್ರಿಗಳನ್ನು ಮಗಳ ಮನೆಯಲ್ಲೇ ಬಿಟ್ಟು ಬರುತ್ತಾರೆ. ಹೊರಡುವ ಬೀಗತಿ ಫೋನ್ ಮಾಡಿ ಅಲ್ಲಿ ಏನೇನಿದೆ ಎಂದು ಕೇಳಿಕೊಂಡೇ ಬ್ಯಾಗಿಗೆ ಕೈ ಹಾಕುತ್ತಾಳೆ. ಬೀಗತಿಯ ಸ್ವೆಟರ್ ಹಾಕುವುದೇ ಎಂದು ಮೂಗು ಮುರಿದವರೂ ಡಿಸೆಂಬರಿನ ಮೊದಲ ವಾರಕ್ಕೆ ಹಾಕಿಕೊಂಡು ಮಗುವಿನ ಗಾಡಿ ತಳ್ಳುತ್ತಿರುತ್ತಾರೆ. ಹಿಂಡಿ ಮಾತ್ರ ಇಬ್ಬರೂ ತಮ್ಮ ತಮ್ಮದೇ ಒಯ್ಯುತ್ತಾರೆ. ಒಬ್ಬರ ಕೈ ಹದ ಇನ್ನೊಬ್ಬರಿಗೆ ಒಪ್ಪುವುದಿಲ್ಲ.